‘ವಿಶೇಷ ಏನಿಲ್ಲ’ ಅನ್ನಬೇಡಿ

ಯುಗಾದಿ ಮುಗಿದ ಮೇಲೆ ನನಗೆ ಬರುವ ಪತ್ರಗಳಲ್ಲಿ ಸಾಲ, ಮದುವೆ, ಪರೀಕ್ಷೆಯ ಮಾತು ಕಡಿಮೆ. ಮನೆಯವರ ಮಾತೇ ಹೆಚ್ಚು. ಹಬ್ಬಕ್ಕೆ ಯಾರು ಬಂದರು, ಯಾರು ಬರಲಿಲ್ಲ, ಯಾರು ಫೋನು ಕೂಡ ಮಾಡಲಿಲ್ಲ ಎಂಬುದು ಆಗಲೇ ಎದ್ದು ಕಾಣುವುದು. ಈ ಸಲ ಬನ್ನೂರು, ತಿ. ನರಸೀಪುರ, ನಂಜನಗೂಡು ಕಡೆಯಿಂದಲೂ ಅಲ್ಲಿಂದ ಹೊರಟು ದೂರ ಸೇರಿದವರಿಂದಲೂ ಬಂದ ಕೆಲವು ಪತ್ರಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ಅರವತ್ತೆರಡು. ಬನ್ನೂರಿನ ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ. ದೊಡ್ಡ ಮಗ ಬೆಂಗಳೂರಲ್ಲಿ, ಚಿಕ್ಕವನು ಪುಣೆಯಲ್ಲಿ, ಮಗಳು ದುಬೈನಲ್ಲಿ. ಭಾವಂದಿರು, ನಾದಿನಿಯರು, ಅವರ ಮಕ್ಕಳು ಎಲ್ಲ ಸೇರಿ ಒಂದು ವಾಟ್ಸ್ಆ್ಯಪ್ ಗುಂಪಿದೆ. ಮನೆ ಮುಂದಿನ ಹೊಂಗೆ ಹೂ ಬಿಟ್ಟಿದ್ದು, ಹುಣಸೆಹಣ್ಣು ಬಿಡಿಸಿದ್ದು, ಹಸು ಕರು ಹಾಕಿದ್ದು ಎಲ್ಲ ಅದರಲ್ಲಿ ಬರೀತಿದ್ದೆ. ಯಾರೂ ಏನೂ ಅನ್ನೋದಿಲ್ಲ. ಒಂದು ದಿನ ಮಗ ಫೋನಿನಲ್ಲಿ, ‘ಅಮ್ಮ, ಏನಾದ್ರೂ ವಿಶೇಷ ಇದ್ರೆ ಹೇಳು, ಮೀಟಿಂಗ್ ಇದೆ’ ಅಂದ. ಅವತ್ತಿಂದ ಬರೆಯೋದು ಬಿಟ್ಟೆ. ನಾನು ಅವರಿಗೆ ಕಿರಿಕಿರಿ ಆಗಿದ್ದೀನಾ?
– ಗೃಹಿಣಿ, ಬನ್ನೂರು

ಉತ್ತರ: ಇಲ್ಲ ತಾಯಿ, ಆಗಿಲ್ಲ. ಬರೆದದ್ದಕ್ಕೆ ಯಾರೂ ಉತ್ತರ ಕೊಡುತ್ತಿಲ್ಲ, ಹಾಗಾದರೆ ಯಾರಿಗೂ ಬೇಡವಾಗಿರಬೇಕು ಎನ್ನುವುದು ನಿಮ್ಮ ಅಳುಕು. ಮಕ್ಕಳು ದೂರ ಹೋದ ಮನೆಯಲ್ಲಿ ಈ ಅಳುಕು ಹುಟ್ಟುತ್ತದೆ. ಅದಕ್ಕೆ ನಾಚಿಕೆಪಡಬೇಕಾದ್ದಿಲ್ಲ.

ಮೊದಲು ಒಂದು ಕೆಲಸ ಮಾಡಿ. ಗುಂಪಿನಲ್ಲಿ ನೀವು ಹಾಕಿದ ಹಳೆಯ ಸಂದೇಶವೊಂದನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಮೇಲ್ಗಡೆ ಮೂರು ಚುಕ್ಕಿ ಕಾಣುತ್ತದೆ. ಅದನ್ನು ಮುಟ್ಟಿ ‘ಇನ್ಫೋ’ (ಯಾರು ಯಾರು ಓದಿದ್ದಾರೆಂದು ತೋರಿಸುವ ಪಟ್ಟಿ) ಎಂಬುದನ್ನು ತೆರೆಯಿರಿ. ಓದಿದವರ ಹೆಸರು ಸಾಲಾಗಿ ಬರುತ್ತದೆ. ಆ ಸಾಲು ನೀವು ಎಣಿಸಿದ್ದಕ್ಕಿಂತ ಉದ್ದವೇ ಇರುತ್ತದೆ ಎಂದು ನನ್ನ ಅಂದಾಜು. ಬಸ್ಸಿನಲ್ಲಿ ನಿಂತುಕೊಂಡು ಓದಿದವರು, ಲಿಫ್ಟಿನಲ್ಲಿ ಓದಿ ಒಳಗೊಳಗೇ ನಕ್ಕವರು ಉತ್ತರ ಬರೆಯುವುದಿಲ್ಲ. ಬರೆಯಬೇಕು ಅಂದುಕೊಳ್ಳುತ್ತಾರೆ, ಅಷ್ಟರಲ್ಲಿ ಸ್ಟಾಪ್ ಬರುತ್ತದೆ.

ಇನ್ನು ಮಗನ ಮಾತು. ಅವನು ಬೇಡವೆಂದದ್ದು ಆ ಹೊತ್ತನ್ನು, ನಿಮ್ಮ ಸುದ್ದಿಯನ್ನಲ್ಲ. ಆದರೂ ‘ವಿಶೇಷ’ ಎಂಬ ಮಾತಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಮನೆಯಲ್ಲಿ ವಿಶೇಷ ಅಂತ ಆಗುವುದು ವರ್ಷಕ್ಕೆ ಎಷ್ಟು? ಒಂದು ಮದುವೆ, ಒಂದು ನಾಮಕರಣ, ಒಂದು ಆಪರೇಷನ್ನು, ಒಂದು ಸಾವು. ಅಷ್ಟನ್ನೇ ಹೇಳಿಕೊಂಡರೆ ವರ್ಷದ ಉಳಿದ ದಿನವೆಲ್ಲ ನಾವು ಒಬ್ಬರಿಗೊಬ್ಬರು ಏನೂ ಅಲ್ಲ ಎಂದಾಗುತ್ತದೆ.

ನಿಮ್ಮ ವಯಸ್ಸಿನವರಿಗೆ ಇನ್‌ಲ್ಯಾಂಡ್ ಲೆಟರ್ ನೆನಪಿರುತ್ತದೆ. ಆ ನೀಲಿ ಕಾಗದದಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗಿ, ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ ಎಲ್ಲ ಮುಗಿದ ಮೇಲೆ, ಅಂಟು ಹಚ್ಚುವ ಅಂಚಿನಲ್ಲಿ ಅಡ್ಡಡ್ಡವಾಗಿ ಎರಡು ಸಾಲು ಇರುತ್ತಿತ್ತು. ನಾಲೆಗೆ ನೀರು ಬಿಟ್ಟರು, ಆಚೆ ಮನೆ ಅಜ್ಜಿ ನಿನ್ನನ್ನು ಕೇಳಿದಳು, ಗಿಡದ್ದು ಮೊದಲ ಕಾಯಿ ಕಿತ್ತೆವು. ಹಾಸ್ಟೆಲಿನಲ್ಲಿ ಇದ್ದವರು ಕಾಗದ ಒಡೆದ ತಕ್ಷಣ ಓದುತ್ತಿದ್ದುದು ಆ ಅಂಚನ್ನು. ನೀವು ಗುಂಪಿನಲ್ಲಿ ಬರೆಯುತ್ತಿದ್ದುದು ಆ ಅಂಚಿನ ಸಾಲುಗಳನ್ನೇ.

ಬರೆಯುವುದು ಹೇಗೆ ಎಂದು ಒಂದು ಮಾದರಿ ಕೊಡುತ್ತೇನೆ, ನಿಮ್ಮದೇ ಮಾತಿನಲ್ಲಿ ಬದಲಾಯಿಸಿಕೊಳ್ಳಿ. ‘ಇವತ್ತು ಅಂಗಳ ಗುಡಿಸಕ್ಕೆ ಮನಸ್ಸೇ ಬರಲಿಲ್ಲ. ಹೊಂಗೆ ಹೂ ಪುರಿ ಚೆಲ್ಲಿದಂಗೆ ಬಿದ್ದಿತ್ತು. ನಿಮ್ಮಪ್ಪ ಅದನ್ನ ತುಳೀಬಾರ್ದು ಅಂತ ಬೇಲಿ ಪಕ್ಕ ಸುತ್ತಿಕೊಂಡು ಡೈರಿಗೆ ಹಾಲು ಹಾಕಕ್ಕೆ ಹೋದ್ರು.’ ಇಷ್ಟೇ. ದುಬೈನಲ್ಲಿರುವ ಮಗಳು ಇದರಲ್ಲಿ ಏನೇನು ಓದುತ್ತಾಳೆ ನೋಡಿ. ಮರ ಇನ್ನೂ ಇದೆ, ಕಡಿದಿಲ್ಲ. ಅಮ್ಮ ಬೆಳಿಗ್ಗೆ ಎದ್ದಿದ್ದಾಳೆ, ಪೊರಕೆ ಹಿಡಿದಿದ್ದಾಳೆ. ಅಪ್ಪನ ಕಾಲು ಗಟ್ಟಿಯಾಗಿದೆ, ಡೈರಿಯ ತನಕ ಒಬ್ಬರೇ ಹೋಗಿ ಬರುತ್ತಾರೆ. ಇಬ್ಬರಿಗೂ ಮಾತುಕತೆ ಚೆನ್ನಾಗಿದೆ. ‘ಅಪ್ಪನ ಆರೋಗ್ಯ ಹೇಗಿದೆ?’ ಎಂದು ಕೇಳಿದ್ದರೆ ‘ಚೆನ್ನಾಗಿದೆ’ ಎಂಬ ಒಂದು ಪದ ಬರುತ್ತಿತ್ತು, ಅವಳು ಅದನ್ನು ನಂಬುತ್ತಿರಲಿಲ್ಲ.

ಒಂದು ಸಲಕ್ಕೆ ಒಂದೇ ಸುದ್ದಿ ಸಾಕು. ಕೊನೆಯಲ್ಲಿ ‘ಯಾಕೆ ಯಾರೂ ಮಾತಾಡಲ್ಲ?’ ಎಂದು ಸೇರಿಸಬೇಡಿ. ಸೇರಿಸಿದ ಗಳಿಗೆಯಿಂದ ಹೂವಿನ ಸುದ್ದಿಯೇ ಒಂದು ದೂರು ಆಗಿಬಿಡುತ್ತದೆ. ಬೆರಳು ನೋಯುವುದಾದರೆ ಮೈಕಿನ ಗುರುತು ಒತ್ತಿ ಹಿಡಿದು ವಾಯ್ಸ್ ನೋಟ್ (ಬರೆಯದೆ ಮಾತಾಡಿ ಕಳಿಸುವ ಸಂದೇಶ) ಕಳಿಸಿ. ಒಂದು ನಿಮಿಷ ದಾಟದಿರಲಿ. ಹಿಂದೆ ಕುಕ್ಕರು ಕೂಗಿದರೆ, ಕೋಗಿಲೆ ಕೂಗಿದರೆ ಕೂಗಲಿ ಬಿಡಿ, ಅದನ್ನು ಕೇಳುವುದಕ್ಕೇ ಕೆಲವರು ಎರಡನೇ ಸಲ ಹಾಕುತ್ತಾರೆ. ರಾತ್ರಿ ಎಂಟೂವರೆಯ ಸುಮಾರು ಒಳ್ಳೆಯ ಹೊತ್ತು. ದುಬೈನಲ್ಲಿ ಆಗ ಏಳು ಗಂಟೆ, ಗಂಡುಮಕ್ಕಳಿಬ್ಬರೂ ಆಫೀಸು ಬಿಟ್ಟಿರುತ್ತಾರೆ.

ನಾಳೆಯಿಂದಲೇ ಶುರು ಮಾಡಿ. ಮೊದಲ ಸಂದೇಶ ಆ ಕರುವಿನದು ಇರಲಿ. ಹೆಣ್ಣುಗರುವೋ ಗಂಡುಗರುವೋ ನೀವು ನನಗೂ ಬರೆದಿಲ್ಲ.

ಪ್ರಶ್ನೆ: ನಮ್ಮದು ತಿ. ನರಸೀಪುರದ ಹತ್ತಿರದ ಹಳ್ಳಿ. ನಾನು ನ್ಯೂಜೆರ್ಸಿಗೆ ಬಂದು ಹಲವು ವರ್ಷವಾಯಿತು. ಊರಿಂದ ಫೋನು ಬಂದರೆ ಎದೆ ಧಸಕ್ ಅನ್ನುತ್ತದೆ, ಯಾರಿಗೆ ಏನಾಯಿತೋ ಅಂತ. ಶನಿವಾರ ರಾತ್ರಿ ಒಂಬತ್ತಕ್ಕೆ ನಾನೇ ಅವ್ವನಿಗೆ ಮಾಡುತ್ತೇನೆ. ಮಾರ್ಚಿನಿಂದ ಈಚೆಗೆ ಅವಳು ಎತ್ತುತ್ತಲೇ ಇಲ್ಲ, ಆಗ ಇನ್ನೂ ಭಯ. ಎತ್ತಿದರೆ ‘ಊಟ ಆಯ್ತಾ?’ ಬಿಟ್ಟು ಬೇರೆ ಮಾತಿಲ್ಲ.
– ಒಬ್ಬ ಮಗ, ನ್ಯೂಜೆರ್ಸಿ

ಉತ್ತರ: ಎತ್ತದಿರುವುದಕ್ಕೆ ಕಾರಣ ಸಣ್ಣದು, ಅದನ್ನು ಮೊದಲು ಹೇಳಿ ನಿಮ್ಮ ಎದೆ ಹಗುರ ಮಾಡುತ್ತೇನೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ನಿಮ್ಮ ಕಡೆ ಡೇಲೈಟ್ ಸೇವಿಂಗ್ (ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಶುರುವಾಗುತ್ತದೆ. ಚಳಿಗಾಲದಲ್ಲಿ ನಿಮಗೂ ಊರಿಗೂ ಹತ್ತೂವರೆ ಗಂಟೆ ಅಂತರ, ಈಗ ಒಂಬತ್ತೂವರೆ. ನಿಮ್ಮ ಶನಿವಾರ ರಾತ್ರಿ ಒಂಬತ್ತು ಅವ್ವನಿಗೆ ಮೊದಲು ಭಾನುವಾರ ಬೆಳಿಗ್ಗೆ ಏಳೂವರೆ ಆಗಿತ್ತು, ಕಾಫಿ ಕುಡಿದು ಕೂತಿರುತ್ತಿದ್ದರು. ಈಗ ಅದು ಆರೂವರೆ. ಆ ಹೊತ್ತಿಗೆ ಅವರು ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ ಇರುತ್ತಾರೆ, ಫೋನು ನಡುಮನೆಯ ಗೂಡಿನಲ್ಲಿ ಹೊಡೆದುಕೊಳ್ಳುತ್ತಿರುತ್ತದೆ. ನವೆಂಬರಿನ ಮೊದಲ ಭಾನುವಾರದವರೆಗೂ ನೀವು ಹತ್ತು ಗಂಟೆಗೆ ಮಾಡಿ. ಅವ್ವನಿಗೆ ಗಡಿಯಾರದ ಕಥೆ ಹೇಳಿ ತಲೆ ಕೆಡಿಸಬೇಡಿ.

ಇನ್ನು ಭಯದ ವಿಚಾರ. ಇದು ನಿಮ್ಮೊಬ್ಬರದಲ್ಲ. ಹಿಂದೆ ತಂತಿ ಬಂತೆಂದರೆ ಬೀದಿಯೇ ಬೆಚ್ಚುತ್ತಿತ್ತು, ಒಡೆದು ಓದುವ ಮೊದಲೇ ಅಳು ಏಳುತ್ತಿತ್ತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು, ಅದರ ಭಯ ಮಾತ್ರ ಫೋನಿಗೆ ಬಂದು ಸೇರಿತು. ಯಾಕೆಂದರೆ ನಿಮ್ಮ ಮನೆಯವರು ಫೋನನ್ನು ತಂತಿಯ ಹಾಗೆಯೇ ಬಳಸುತ್ತಿದ್ದಾರೆ. ಆಸ್ಪತ್ರೆ, ಸಾವು, ಜಮೀನಿನ ತಕರಾರು ಬಂದಾಗ ಮಾತ್ರ.

ಎರಡನ್ನೂ ಬೇರೆ ಮಾಡಿ. ಊರಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ತಮ್ಮನೋ ಚಿಕ್ಕಪ್ಪನ ಮಗನೋ. ತುರ್ತು ಸುದ್ದಿಯೇನಿದ್ದರೂ ಅವರು ಮಾತ್ರ ಫೋನು ಮಾಡಬೇಕು, ಅವರ ನಂಬರಿಗೆ ಬೇರೆ ರಿಂಗ್‌ಟೋನ್ ಇಡಿ. ಮಿಕ್ಕವರೆಲ್ಲ ವಾಯ್ಸ್ ನೋಟು ಕಳಿಸಲಿ. ಸ್ವಲ್ಪ ದಿನಕ್ಕೆ ಉಳಿದ ಯಾವ ಸದ್ದಿಗೂ ಎದೆ ಹಾರುವುದು ನಿಲ್ಲುತ್ತದೆ.

‘ಊಟ ಆಯ್ತಾ?’ ಎಂಬುದನ್ನು ಹಗುರವಾಗಿ ತಗೋಬೇಡಿ. ಅವ್ವ ನಿಮ್ಮ ಆಫೀಸು ಕಂಡಿಲ್ಲ, ನಿಮ್ಮ ಬೀದಿ ಕಂಡಿಲ್ಲ. ಕೇಳಬಲ್ಲ ಜಾಗದಿಂದ ಕೇಳುತ್ತಿದ್ದಾರೆ. ನೀವು ‘ಹ್ಞೂಂ’ ಅಂದು ಬಾಗಿಲು ಹಾಕುತ್ತೀರಿ. ಏನು ಉಂಡಿರಿ, ಯಾರು ಮಾಡಿದರು, ಉಪ್ಪು ಸರಿಯಿತ್ತೇ ಹೇಳಿ. ಮಂಜು ಕರಗಿ ಅಂಗಳದಲ್ಲಿ ಹಳದಿ ಡ್ಯಾಫೊಡಿಲ್ ಎದ್ದಿರುತ್ತದಲ್ಲ, ಅದರ ಫೋಟೋ ಕಳಿಸಿ. ನಿಮ್ಮ ಕಡೆಯಿಂದ ಒಂದು ಹೂ ಬಂದರೆ ಊರಿನಿಂದ ಮಳೆಯ ಸುದ್ದಿ ಬರುತ್ತದೆ. ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ‘ಭರಣಿ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವ ಕಡೆಯವರು ನೀವು. ‘ಭರಣಿ ಹೊಯ್ತಾ ಅವ್ವಾ?’ ಎಂದು ಒಂದು ಸಲ ಕೇಳಿ ನೋಡಿ, ಅವರು ಹತ್ತು ನಿಮಿಷ ಮಾತಾಡದಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ನಾನು ಹಿರಿ ಸೊಸೆ. ಯಾರ ಹುಟ್ಟುಹಬ್ಬ, ಯಾರಿಗೆ ಜ್ವರ, ಯಾರ ಮಗಳಿಗೆ ಎಸ್‌ಎಸ್‌ಎಲ್‌ಸಿ, ಯಾರ ಮನೆಗೆ ಒಬ್ಬಟ್ಟು ಕಳಿಸಬೇಕು ಎಲ್ಲ ನನ್ನ ತಲೆಯಲ್ಲೇ. ಓರಗಿತ್ತಿಯರು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ನಮ್ಮ ಯಜಮಾನರಿಗೆ ಅವರ ಸ್ವಂತ ಅಕ್ಕನಿಗೆ ಫೋನು ಮಾಡು ಅಂತ ನಾನೇ ನೆನಪಿಸಬೇಕು. ಸಾಕಾಗಿದೆ. ಬಿಟ್ಟರೆ ಮನೆ ಒಡೆದವಳು ಅನ್ನಿಸಿಕೊಳ್ಳುತ್ತೇನೋ ಅಂತ ಹೆದರಿಕೆ.
– ಮೈಸೂರು

ಉತ್ತರ: ನಿಮಗೆ ದಣಿವಾಗಿದೆ, ಅದು ನಿಜವಾದ ದಣಿವು. ಅಮೆರಿಕದ ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ ಅಲ್ಲಿನ ಇಟಾಲಿಯನ್ ಮೂಲದ ಕುಟುಂಬಗಳನ್ನು ನೋಡಿ 1987ರಲ್ಲಿ ಒಂದು ಲೇಖನ ಬರೆದರು. ಪತ್ರ, ಕಾರ್ಡು, ಫೋನು, ಹಬ್ಬದ ಊಟ, ಯಾರನ್ನು ಕರೆಯಬೇಕು ಎಂಬ ಯೋಚನೆ, ಇವೆಲ್ಲವೂ ದುಡಿಮೆಯೇ. ಆ ದುಡಿಮೆ ಹೆಚ್ಚು ಬೀಳುವುದು ಹೆಂಗಸರ ಮೇಲೆ, ಗಂಡನ ಕಡೆಯ ನೆಂಟರದ್ದೂ ಸೇರಿ ಎಂದು ತೋರಿಸಿದರು. ಅಡುಗೆಗೆ, ಬಟ್ಟೆ ಒಗೆಯುವುದಕ್ಕೆ ಇರುವ ಲೆಕ್ಕ ಇದಕ್ಕಿಲ್ಲ. ಕಣ್ಣಿಗೆ ಕಾಣದ ಕೆಲಸವನ್ನು ನೀವು ಮಾಡುತ್ತಾ ಬಂದಿದ್ದೀರಿ.

ಈಗ ಉಪಾಯ. ಪೂರ್ತಿ ಬಿಡಬೇಡಿ, ಹಂಚಿಕೊಡಿ. ಚೈತ್ರ ನಿಮ್ಮದು, ವೈಶಾಖ ಮೈದುನನದು, ಜ್ಯೇಷ್ಠ ನಾದಿನಿಯದು, ಹೀಗೆ. ಯಾರ ತಿಂಗಳೋ ಅವರು ವಾರಕ್ಕೆ ಎರಡು ಸಲ ಮನೆಸುದ್ದಿ ಕೇಳಿ ಗುಂಪಿಗೆ ಹಾಕಬೇಕು. ಗಂಡಸರ ಹೆಸರು ಕಡ್ಡಾಯವಾಗಿ ಇರಲಿ. ಅವರು ಮೊದಲ ತಿಂಗಳು ಚೆನ್ನಾಗಿ ಮಾಡುವುದಿಲ್ಲ. ಅಕ್ಕನ ಹುಟ್ಟುಹಬ್ಬ ಮರೆತೇ ಹೋಗುತ್ತದೆ. ಮರೆಯಲಿ. ನೀವು ರಾತ್ರಿ ಹನ್ನೊಂದಕ್ಕೆ ನೆನಪಿಸಿ ಉಳಿಸಲು ಹೋಗಬೇಡಿ; ಅಕ್ಕನಿಂದ ಬೈಸಿಕೊಂಡ ತಮ್ಮ ಮುಂದಿನ ವರ್ಷ ತಾನಾಗೇ ನೆನಪಿಡುತ್ತಾನೆ. ಹುಟ್ಟಿದ ದಿನ, ಮದುವೆಯ ದಿನ, ತಿಥಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅದರ ಫೋಟೋ ಗುಂಪಿಗೆ ಹಾಕಿಬಿಡಿ. ತಲೆ ಅಷ್ಟು ಖಾಲಿಯಾಗುತ್ತದೆ.

ಮನೆ ಒಡೆದವಳು ಎಂದು ಯಾರಾದರೂ ಅಂದರೆ ಆ ನೋಟ್‌ಬುಕ್ಕನ್ನು ಅವರ ಕೈಗೇ ಕೊಡಿ.

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಮಕ್ಕಳಿಗೆ ಹನ್ನೊಂದು, ಎಂಟು. ಕನ್ನಡ ಅರ್ಥವಾಗುತ್ತದೆ, ಮಾತು ಬರುವುದಿಲ್ಲ. ಬನ್ನೂರಿನಿಂದ ಅಜ್ಜಿ ಮಾವು ಚಿಗುರಿದ್ದು, ಬೇವು ಹೂ ಬಿಟ್ಟಿದ್ದು ವಿಡಿಯೊದಲ್ಲಿ ತೋರಿಸಿದರೆ ‘ಓಕೆ ಅಜ್ಜಿ’ ಅಂದು ಓಡಿಬಿಡುತ್ತಾರೆ. ಅಲ್ಲಿ ವಸಂತ ಅಂದಾಗ ಇಲ್ಲಿ ಎಲೆ ಉದುರುತ್ತಿರುತ್ತದೆ. ಇವರಿಗೆ ಆ ಮನೆ ಯಾವತ್ತಿಗೂ ಬೇರೆಯವರ ಮನೆಯಾಗಿ ಉಳಿದುಬಿಡುತ್ತದಾ?
– ತಾಯಿ, ಮೆಲ್ಬರ್ನ್

ಉತ್ತರ: ನಿಮ್ಮ ಸಂಕಟ ನನಗೆ ತಿಳಿಯುತ್ತದೆ. ಆದರೆ ಮಕ್ಕಳು ಓಡುವುದು ಅಜ್ಜಿಯ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಆ ಮಾತಿನಲ್ಲಿ ಅವರಿಗೆ ಮಾಡಲು ಏನೂ ಕೆಲಸವಿಲ್ಲ. ಎಂಟು ವರ್ಷದ ಮಗು ಸುಮ್ಮನೆ ನೋಡುತ್ತಾ ಕೂರುವುದಿಲ್ಲ.

ಋತು ತಿರುಗಾಮುರುಗಾ ಆಗಿರುವುದನ್ನು ನೀವು ಕೊರತೆ ಎಂದುಕೊಂಡಿದ್ದೀರಿ. ನನಗೆ ಅದು ಅನುಕೂಲವಾಗಿ ಕಾಣುತ್ತದೆ. ಇಬ್ಬರ ಬಳಿಯೂ ಒಂದೇ ಸುದ್ದಿ ಇದ್ದರೆ ಹಂಚಿಕೊಳ್ಳುವುದೇನು? ಅಜ್ಜಿಯ ಮರಕ್ಕೆ ಹೊಸ ಎಲೆ ಬರುವಾಗ ಮೊಮ್ಮಕ್ಕಳು ಉದುರಿದ ಎಲೆಯನ್ನು ಪುಸ್ತಕದಲ್ಲಿ ಒಣಗಿಸಿ ಪೋಸ್ಟ್ ಮಾಡಬಹುದು ಎಂದು ಮೊದಲು ಅಂದುಕೊಂಡೆ. ಆದರೆ ಗಿಡದ ಎಲೆ, ಬೀಜಗಳಿಗೆ ಎರಡೂ ದೇಶದಲ್ಲಿ ಕಟ್ಟುನಿಟ್ಟಾದ ನಿಯಮವಿದೆ, ಹಾಗಾಗಿ ಕಾಗದದ ಮೇಲೆ ಎಲೆಯ ಅಚ್ಚು ತೆಗೆದು ಕಳಿಸಲಿ. ಅಜ್ಜಿ ಮಾವಿನೆಲೆಯ ಅಚ್ಚು ಕಳಿಸಲಿ.

ಇನ್ನೊಂದು ಇದೆ, ನನಗೆ ತುಂಬ ಪ್ರಿಯವಾದದ್ದು. ಯುಗಾದಿಯ ಸಂಜೆಯೋ ಮರುದಿನವೋ ಪಡುವಣದಲ್ಲಿ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ರೂಢಿ. ಈ ಸಲ ಯುಗಾದಿ ಮಾರ್ಚ್ 19ಕ್ಕೆ ಬಂತು. ಆ ದಿನಗಳಲ್ಲಿ ಮೆಲ್ಬರ್ನ್‌ನಲ್ಲಿ ಸೂರ್ಯ ಮುಳುಗುವುದು ಬನ್ನೂರಿಗಿಂತ ನಾಲ್ಕೂವರೆ ಗಂಟೆ ಮೊದಲು. ಬನ್ನೂರಾದ ಮೇಲೆ ದುಬೈ, ಕೊನೆಗೆ ಅಮೆರಿಕ. ಅಂದರೆ ಚಂದ್ರನನ್ನು ಹುಡುಕುವ ಮೊದಲ ಸರದಿ ಯಾವಾಗಲೂ ನಿಮ್ಮ ಮಕ್ಕಳದು! ಅವರಿಗೆ ಮೊದಲ ದಿನ ಕಾಣದಿರುವುದೇ ಹೆಚ್ಚು. ಅಮಾವಾಸ್ಯೆ ಕಳೆದು ಆಗಿನ್ನೂ ಸ್ವಲ್ಪ ಹೊತ್ತಾಗಿರುತ್ತದೆ, ಜೊತೆಗೆ ಆ ಕಾಲದಲ್ಲಿ ನಿಮ್ಮ ಆಕಾಶದಲ್ಲಿ ಎಳೆ ಚಂದ್ರ ದಿಗಂತಕ್ಕೆ ಅಂಟಿಕೊಂಡೇ ಇಳಿದುಬಿಡುತ್ತಾನೆ. ‘ಕಾಣಲಿಲ್ಲ ಅಜ್ಜಿ, ನೀವು ನೋಡಿ’ ಎಂದು ಅವರು ಸುದ್ದಿ ಮುಟ್ಟಿಸಲಿ. ಅಜ್ಜಿ ಮಾಳಿಗೆ ಹತ್ತಿ ನೋಡಿ, ದುಬೈನಲ್ಲೋ ಅಮೆರಿಕದಲ್ಲೋ ನೆಂಟರಿದ್ದರೆ ಅವರಿಗೆ ಹೇಳಲಿ. ಅಮೆರಿಕದಲ್ಲಿ ಸಂಜೆಯಾಗುವ ಹೊತ್ತಿಗೆ ಚಂದ್ರನಿಗೆ ಬನ್ನೂರಿಗಿಂತ ಹತ್ತು ಗಂಟೆ ಹೆಚ್ಚು ವಯಸ್ಸಾಗಿರುತ್ತದೆ, ಅಲ್ಲಿನವರಿಗೆ ಕಾಣುವ ಸಾಧ್ಯತೆ ಹೆಚ್ಚು. ಮೂರನೇ ದಿನ ಎಲ್ಲರೂ ಚಂದ್ರನ ಚಿತ್ರ ಬರೆದು ಗುಂಪಿಗೆ ಹಾಕಿ. ಬನ್ನೂರಿನಲ್ಲಿ ಅಂಗಾತ ಮಲಗಿದ ಚಂದ್ರ ನಿಮ್ಮಲ್ಲಿ ಓರೆಯಾಗಿ ನಿಂತಿರುತ್ತಾನೆ. ಯಾಕೆ ಹಾಗೆ ಎಂದು ಹನ್ನೊಂದು ವರ್ಷದ ಮಗು ಅಜ್ಜಿಗೆ ವಿವರಿಸಲಿ, ಬಂದಷ್ಟು ಕನ್ನಡದಲ್ಲಿ. ಮುಂದಿನ ಯುಗಾದಿಗೆ ಕಾಯಬೇಕಿಲ್ಲ, ಪ್ರತಿ ಅಮಾವಾಸ್ಯೆ ಕಳೆದ ಮೇಲೂ ಈ ಆಟ ಆಡಬಹುದು.

ವರ್ಷವಿಡೀ ನಡೆಯುವ ಕೆಲಸ ಬೇಕೆಂದರೆ ಇಬ್ಬರೂ ಒಂದೊಂದು ಮರ ಗೊತ್ತು ಮಾಡಿಕೊಂಡು ವಾರಕ್ಕೊಮ್ಮೆ ನೋಡಿ ಬರೆದಿಡಲಿ. ಚಿಗುರಿದೆಯೋ, ಹೂವೋ, ಕಾಯೋ, ಉದುರಿದೆಯೋ. ನಮ್ಮ ದೇಶದಲ್ಲಿ ‘ಸೀಸನ್‌ವಾಚ್’ ಎಂಬ ಯೋಜನೆಯಡಿ ಶಾಲೆಯ ಮಕ್ಕಳು, ದೊಡ್ಡವರು ಹೀಗೆಯೇ ಮಾವು, ಹುಣಸೆಯಂಥ ಮರಗಳನ್ನು ವಾರವಾರ ನೋಡಿ ದಾಖಲಿಸುತ್ತಾರೆ. ಅಜ್ಜಿಯ ಮರವನ್ನು ನೀವು ಅದರಲ್ಲಿ ಸೇರಿಸಬಹುದು. ಇದೆಲ್ಲ ಮಕ್ಕಳಾಟ ಅನ್ನಿಸಿದರೆ ಕೇಳಿ. ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಹೂ ಯಾವಾಗ ಅರಳಿತೆಂಬ ಲೆಕ್ಕ 9ನೇ ಶತಮಾನದಷ್ಟು ಹಿಂದಿನಿಂದ ಸಿಗುತ್ತದೆ. ಅರಮನೆಯವರು, ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ ‘ಇಂದು ಹೂ ನೋಡಲು ಹೋಗಿದ್ದೆವು’ ಎಂಬಂತೆ ಗೀಚಿಟ್ಟದ್ದನ್ನು ಈಗ ಹವಾಮಾನ ವಿಜ್ಞಾನಿಗಳು ಒಟ್ಟುಮಾಡಿ, ಭೂಮಿ ಬಿಸಿಯಾಗುತ್ತಿರುವುದನ್ನು ಅಳೆಯಲು ಬಳಸುತ್ತಿದ್ದಾರೆ.

ಪ್ರಶ್ನೆ: ಹೋದ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಈ ವರ್ಷ ನಮಗೆ ಹಬ್ಬವಿಲ್ಲ. ಗುಂಪಿನಲ್ಲಿ ಎಲ್ಲರೂ ಒಬ್ಬಟ್ಟು, ಹೊಸ ಬಟ್ಟೆ, ದೊಡ್ಡ ಜಾತ್ರೆಯ ತೇರು ಅಂತ ಹಾಕುತ್ತಿದ್ದರೆ ಅಮ್ಮ ಫೋನು ಕವುಚಿ ಇಡುತ್ತಾಳೆ. 70 ವರ್ಷ ಅವಳಿಗೆ. ಗುಂಪಿನಿಂದ ಹೊರಗೆ ತರಲಾ?
– ಮಗಳು, ನಂಜನಗೂಡು

ಉತ್ತರ: ತರಬೇಡಿ. ಕವುಚಿ ಇಡುವುದಕ್ಕೂ ಬಿಟ್ಟುಬಿಡುವುದಕ್ಕೂ ವ್ಯತ್ಯಾಸವಿದೆ. ಅಮ್ಮ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.

ಮೊದಲ ವರ್ಷದಲ್ಲಿ ಹಬ್ಬ, ತಿಥಿ ಹತ್ತಿರ ಬಂದಂತೆ ದುಃಖ ಹೊಸದಾಗಿ ಏಳುವುದು ಎಲ್ಲರಿಗೂ ಇದ್ದದ್ದೇ. ನೆಂಟರು ಆಗ ಎರಡರಲ್ಲಿ ಒಂದು ಮಾಡುತ್ತಾರೆ, ಏನೂ ಆಗಿಲ್ಲವೆಂಬಂತೆ ಸಂಭ್ರಮ ತೋರಿಸುತ್ತಾರೆ, ಇಲ್ಲವೇ ಅಮ್ಮನಿಗೆ ಗೊತ್ತಾಗದಂತೆ ಬೇರೆ ಗುಂಪು ಮಾಡಿಕೊಳ್ಳುತ್ತಾರೆ. ಎರಡೂ ನೋಯಿಸುತ್ತದೆ, ಎರಡನೆಯದು ಹೆಚ್ಚು. ನೀವೇ ಗುಂಪಿನಲ್ಲಿ ನೇರವಾಗಿ ಬರೆಯಿರಿ. ‘ಅಮ್ಮನಿಗೆ ಈ ವರ್ಷ ಹಬ್ಬದ ಫೋಟೋ ನೋಡಲು ಕಷ್ಟ. ದಿನದಿನದ ಸುದ್ದಿ ಹಾಕುತ್ತಿರಿ, ಅದು ಬೇಕು.’ ಯಾರೂ ತಪ್ಪು ತಿಳಿಯುವುದಿಲ್ಲ. ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವರಿಗೆ ದಾರಿ ಸಿಕ್ಕಂತಾಗುತ್ತದೆ.

ಇನ್ನೊಂದು ಮಾಡಿ ನೋಡಿ. ಈಗ ನಡೆಯುತ್ತಿರುವುದು ಪರಾಭವ ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಹಿಂದಿನ ಪರಾಭವ 1966ರಲ್ಲಿ. ಅಮ್ಮನಿಗೆ ಆಗ ಹತ್ತು ವರ್ಷ. ಆ ಯುಗಾದಿಯಲ್ಲಿ ಏನಿತ್ತು, ಬೆಳೆ ಹೇಗಿತ್ತು, ಹೊನ್ನಾರು (ವರ್ಷದ ಮೊದಲ ಉಳುಮೆ) ಕಟ್ಟಿದ್ದರೇ, ರೇಷನ್ನಿನಲ್ಲಿ ಏನು ಕೊಡುತ್ತಿದ್ದರು ಎಂದು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಕೇಳಲಿ. ಅಪ್ಪ ಇಲ್ಲದ ಹಬ್ಬದ ಬಗ್ಗೆ ಮಾತಾಡಲಾರದವರು ಅಪ್ಪ ಇನ್ನೂ ಬಂದಿರದಿದ್ದ ಕಾಲದ ಬಗ್ಗೆ ಮಾತಾಡಬಲ್ಲರು. ಅಲ್ಲಿಂದ ಮೆಲ್ಲಗೆ ಅಪ್ಪನ ಹತ್ತಿರಕ್ಕೆ ತಾವೇ ಬರುತ್ತಾರೆ. ನೀವು ಎಳೆಯಬೇಡಿ.

ವಾರಗಟ್ಟಲೆ ನಿದ್ದೆ, ಊಟ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ ಮಾತ್ರ ತಡಮಾಡಬೇಡಿ. ಟೆಲಿ ಮಾನಸ್ (ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಅಪ್ಪನ ಆಸ್ತಿಯಲ್ಲಿ ಭಾಗ ಕೇಳಿದೆ. ಅಣ್ಣ ನನ್ನನ್ನು ಮನೆಯ ಗುಂಪಿನಿಂದ ತೆಗೆದ. ಈ ಸಲ ಹೊಸತೊಡಕಿಗೂ (ಯುಗಾದಿ ಮರುದಿನದ ಬಾಡೂಟ) ಕರೆಯಲಿಲ್ಲ. ಭಾಗ ಬೇಡವೆಂದು ಬಿಟ್ಟುಕೊಟ್ಟರೆ ಮತ್ತೆ ಸೇರಿಸಿಕೊಳ್ಳುತ್ತಾರಾ?
– ತಂಗಿ, ತಿ. ನರಸೀಪುರ ತಾಲ್ಲೂಕು

ಉತ್ತರ: ತವರಿನ ಹೊಸತೊಡಕಿಗೆ ಕರೆ ಬರಲಿಲ್ಲವೆಂದರೆ ಹೊಟ್ಟೆ ಉರಿಯುತ್ತದೆ ತಾಯಿ, ಒಪ್ಪುತ್ತೇನೆ. ಬನ್ನೂರು ಕುರಿಯ ಸೀಮೆಯಲ್ಲಿ ಹುಟ್ಟಿ, ಗುಡ್ಡೆಬಾಡು (ಗುಡ್ಡೆ ಹಾಕಿ ಪಾಲು ಮಾಡಿದ ಮಾಂಸ) ಹಂಚಿಕೊಂಡು ಬೆಳೆದವರು ಆ ದಿನ ಒಬ್ಬರೇ ಮನೆಯಲ್ಲಿ ಸಾರು ಕುದಿಸುವುದು ಸಣ್ಣ ನೋವಲ್ಲ.

ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆಯೆಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತ ಮಾಡಿತು. ನಿಮ್ಮ ವಿಚಾರದಲ್ಲಿ ಅದು ಹೇಗೆ ಅನ್ವಯಿಸುತ್ತದೆಂದು ವಕೀಲರು ಹೇಳಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ. ಹಬ್ಬದೂಟದ ಆಸೆಗೆ ಹಕ್ಕು ಬಿಟ್ಟುಕೊಟ್ಟರೆ ಮುಂದೆ ಆ ಊಟವೂ ರುಚಿಸುವುದಿಲ್ಲ.

ಗುಂಪಿನಿಂದ ತೆಗೆದರೆ ತೆಗೆಯಲಿ, ಅಂಚೆ ಪೆಟ್ಟಿಗೆಯನ್ನು ಅಣ್ಣ ಮುಚ್ಚಲಾರರು. ಪೋಸ್ಟ್‌ಕಾರ್ಡಿಗೆ ಐವತ್ತು ಪೈಸೆ. ತಿಂಗಳಿಗೊಂದು ಅತ್ತಿಗೆಯ ಹೆಸರಿಗೆ ಹಾಕಿ. ಭಾಗದ ಮಾತು ಬೇಡ, ಮುನಿಸಿನ ಮಾತೂ ಬೇಡ. ನಿಮ್ಮ ಹಿತ್ತಿಲ ನುಗ್ಗೆ ಕಾಯಿ ಬಿಟ್ಟಿದೆ, ಹುಡುಗನ ಪರೀಕ್ಷೆ ಮುಗಿಯಿತು, ಅಷ್ಟು. ಕಾರ್ಡು ಮುಚ್ಚಿರುವುದಿಲ್ಲ, ಅಂಚೆಯವರಿಂದ ಹಿಡಿದು ಅಣ್ಣನವರೆಗೆ ಎಲ್ಲರೂ ಓದುತ್ತಾರೆ. ಅದೇ ಒಳ್ಳೆಯದು. ಕೋರ್ಟಿನ ಕೆಲಸ ಕೋರ್ಟಿನಲ್ಲಿ ನಡೆಯಲಿ. ಉತ್ತರ ಬರಲು ಎಷ್ಟು ದಿನ ಹಿಡಿಯುತ್ತದೆಂದು ನಾನು ಮಾತು ಕೊಡಲಾರೆ.

ಪ್ರಶ್ನೆ: ನಮ್ಮ ದೊಡ್ಡಪ್ಪ ಪ್ರತಿದಿನ ಬೆಳಿಗ್ಗೆ ಗುಲಾಬಿ ಹೂವಿನ ‘ಶುಭೋದಯ’ ಕಳಿಸುತ್ತಾರೆ. ಅದರ ಜೊತೆ ಹತ್ತು ಫಾರ್ವರ್ಡು. ಫೋನು ತುಂಬಿಹೋಗುತ್ತಿದೆ. ಹಿರಿಯರಿಗೆ ಹೇಗೆ ಹೇಳುವುದು?
– ಬೆಂಗಳೂರು

ಉತ್ತರ: ಶುಭೋದಯವನ್ನು ನಿಲ್ಲಿಸಬೇಡಿ. ಅದು ಬಂತೆಂದರೆ ದೊಡ್ಡಪ್ಪ ಎದ್ದಿದ್ದಾರೆ, ಕನ್ನಡಕ ಹಾಕಿಕೊಂಡಿದ್ದಾರೆ ಎಂದು ತಿಳಿಯುತ್ತದೆ. ಒಂದು ದಿನ ಬರದಿದ್ದರೆ ಫೋನು ಮಾಡಿ. ಫಾರ್ವರ್ಡಿಗೆ ಮಾತ್ರ ಹೀಗೆ ಹೇಳಿ: ‘ದೊಡ್ಡಪ್ಪ, ಇದು ನಾಲ್ಕು ಕಡೆಯಿಂದ ಬಂತು. ಗದ್ದೆ ಹತ್ತಿರದ್ದು ಒಂದು ಫೋಟೋ ಹಾಕಿ, ಅದು ನಿಮ್ಮಿಂದ ಮಾತ್ರ ಬರೋದು.’ ಫೋನು ತುಂಬದಿರಲು ವಾಟ್ಸ್ಆ್ಯಪ್ ಸೆಟ್ಟಿಂಗ್ಸಿನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ಗೆ ಹೋಗಿ ಆಟೊ ಡೌನ್‌ಲೋಡ್ (ಚಿತ್ರಗಳು ತಾವಾಗಿಯೇ ಫೋನಿಗೆ ಇಳಿಯುವುದು) ಆಫ್ ಮಾಡಿಬಿಡಿ.

ಹಾಗೆಯೇ ಅವರಿಗೆ ಇದನ್ನೂ ತಿಳಿಸಿಡಿ. ಹೊಸ ನಂಬರಿನಿಂದ ‘ದೊಡ್ಡಪ್ಪಾ, ನಾನು ಕಷ್ಟದಲ್ಲಿದ್ದೀನಿ, ದುಡ್ಡು ಹಾಕಿ’ ಎಂದು ಯಾರಾದರೂ ನಿಮ್ಮ ಹೆಸರು ಹೇಳಿದರೆ, ದನಿ ನಿಮ್ಮದೇ ಅನ್ನಿಸಿದರೂ, ಅವರು ಒಂದು ಪ್ರಶ್ನೆ ಕೇಳಬೇಕು: ‘ಹೋದ ವಾರ ನಮ್ಮ ಪಂಪ್‌ಸೆಟ್ಟಿಗೆ ಏನಾಗಿತ್ತು?’ ನೀವು ಗುಂಪು ಓದುತ್ತಿದ್ದರೆ ನಿಮಗೆ ಗೊತ್ತಿರುತ್ತದೆ, ಮೋಸಗಾರನಿಗೆ ಗೊತ್ತಿರುವುದಿಲ್ಲ. ಉತ್ತರ ತಪ್ಪಿದರೆ ಫೋನು ಇಟ್ಟು ನಿಮ್ಮ ಹಳೆಯ ನಂಬರಿಗೆ ಮಾಡಲಿ. ದುಡ್ಡು ಆಗಲೇ ಹೋಗಿದ್ದರೆ ತಕ್ಷಣ 1930ಕ್ಕೆ (ಸೈಬರ್ ವಂಚನೆಯ ಸಹಾಯವಾಣಿ) ಕರೆ ಮಾಡಬೇಕು. ಆ ನಂಬರನ್ನು ಅವರ ಫೋನಿನಲ್ಲಿ ಈ ಭಾನುವಾರವೇ ಹಾಕಿಕೊಡಿ.